ಕ್ಯಾಂಪಿನ ಗಿಡಗಳಿಗೂ ಒಂದು ಪಾಳಿ

“ಕಾಲುವಿ ಕೆಲಸ ಸುರು ಆದಾಗ ಇಲ್ಲಿ ನಿಂದ್ರಾಕ ನೆಳ್ಳು ಇದ್ದಿಲ್ಲ. ಬಂಡೆಗಲ್ಲು, ಎರಿ ಹೊಲ, ಅಲ್ಲೊಂದು ಇಲ್ಲೊಂದು ಜಾಲಿ. ಕ್ವಾರ್ಟರ್ಸ್ ಎದ್ದ ಮ್ಯಾಲ ಮನಿ ಮುಂದ ಬೇವು ಹಚ್ಚಿದ್ವಿ,” ಎಂದರು ಹಿರಿಯರು.

“ಹಚ್ಚಿದ್ದು ನೀವು, ಖರೆ. ಈಗ ಇವುಗಳ ಲೆಕ್ಕ ಯಾರ ಹತ್ರ ಅದ?” ಎಂದು ಕೇಳಿದಳು ತರುಣಿ.

ಮಾತು ನಡೆದದ್ದು ಯಾದಗಿರಿ ಜಿಲ್ಲೆಯ ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ, ಸುತ್ತಲಿನ ಜನ ಚುಟುಕಾಗಿ ‘ಬಿ. ಗುಡಿ’ ಎನ್ನುವ ಊರಲ್ಲಿ. ಹಿರಿಯರು ಕಾಲುವೆ ಕೆಲಸದಲ್ಲಿ ಸೇವೆ ಮುಗಿಸಿ ನಿವೃತ್ತರಾದವರು. ತರುಣಿ ತೋಟಗಾರಿಕೆ ಓದಿದವಳು. ಏಪ್ರಿಲ್ ಸಂಜೆಯಾದರೂ ಡಾಂಬರು ಇನ್ನೂ ಕಾವು ಬಿಟ್ಟಿರಲಿಲ್ಲ. ಇಬ್ಬರೂ ರಸ್ತೆಯ ನೆರಳಿನ ಬದಿಯಲ್ಲೇ ನಡೆಯುತ್ತಿದ್ದರು.

ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಟ ಎಡದಂಡೆ ಕಾಲುವೆ 78 ಕಿ.ಮೀ. ಉದ್ದದ್ದು. ಶಹಾಪುರ, ಮುಡಬಾಳ, ಜೇವರ್ಗಿ, ಇಂಡಿ ಶಾಖಾ ಕಾಲುವೆಗಳು ಆ ಜಾಲಕ್ಕೆ ಸೇರಿದವು. ಕಾಲುವೆಯ ಜೊತೆಗೆ ಸಗರನಾಡು ಎನ್ನುವ ಈ ಸೀಮೆಗೆ ಹೊಸ ಬಗೆಯ ಊರುಗಳೂ ಬಂದವು. ಅಳತೆಯ ರಸ್ತೆ, ಸಾಲು ಮನೆ, ಕಚೇರಿ, ಅತಿಥಿಗೃಹ, ನಡುನಡುವೆ ಖಾಲಿ ಜಾಗ ಇರುವ ಕ್ಯಾಂಪುಗಳು ಅವು. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿದ ಮೇಲೆ ಭೀಮರಾಯನಗುಡಿ ಅದರ ಕಾಲುವೆ ಆಡಳಿತದ ಮುಖ್ಯ ತಾಣಗಳಲ್ಲಿ ಒಂದಾಯಿತು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಮಹಾವಿದ್ಯಾಲಯವೂ ಇಲ್ಲಿದೆ. ಹಳ್ಳಿಯೂ ಅಲ್ಲದ, ಪೂರ್ತಿ ಪಟ್ಟಣವೂ ಅಲ್ಲದ ಇಂಥ ವಸತಿಗಳಲ್ಲಿ ಗಿಡಗಳ ಪಾಡೇನು ಎಂಬುದೇ ಆ ಸಂಜೆಯ ಮಾತಾಯಿತು.

“ಎಣಿಸೂದ್ರಿಂದ ನೆಳ್ಳು ಬರ್ತದೇನವ್ವ? ಈ ಮಳಿಗಾಲಕ್ಕ ಇನ್ನೊಂದು ಸಾವಿರ ಸಸಿ ಹಚ್ಚೂಣು ಅಂತ ನಾ ಅಂತೀನಿ,” ಎಂದರು ಹಿರಿಯರು.

“ನಿಮ್ಮ ಕಾಲುವಿ ಮ್ಯಾಲ ಗೇಟಿಗೆ ನಂಬರ್ ಅದ, ತೂಬಿಗೆ ನಂಬರ್ ಅದ, ಎಲ್ಲಿ ಒಡೀತು ಅಂದ್ರ ಚೈನೇಜ್ ಹೇಳ್ತೀರಿ. ಗ್ಯಾಂಗ್‌ಮನ್ ನೆಟ್ಟಗೆ ಅಲ್ಲಿಗೇ ಹೋಗ್ತಾನ. ಗಿಡ ಬಿದ್ರ ಮಾತ್ರ ‘ಆ ಹುಣಸಿ ಗಿಡದ ಆಚೀಕಡಿಂದು’ ಅಂತೀರಿ. ನಂಬರೇ ಇಲ್ಲದ ಗಿಡಕ್ಕ ಯಾರು ಜವಾಬ್ದಾರಿ ತಗೋತಾರ್ರೀ?”

ಹಿರಿಯರು ಸುಮ್ಮನಾದರು. ಕಾಲುವೆಯ ಮೊದಲ ತುದಿಯಿಂದ ದೂರ ಎಣಿಸುವ ಚೈನೇಜಿನ ಮಾತು ಕಾಲುವೆಯವರಿಗೆ ಸಲೀಸಾಗಿ ನಾಟುತ್ತದೆ.

ಅವಳು ಕೇಳಿದ್ದು ಹೊಸ ಬೇಡಿಕೆಯೇನಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದದ್ದು 1976ರಲ್ಲಿ. ಆ ಕಾಯ್ದೆ ವೃಕ್ಷ ಪ್ರಾಧಿಕಾರಕ್ಕೆ ಒಪ್ಪಿಸಿದ ಕೆಲಸಗಳಲ್ಲಿ ಮರಗಣತಿಯೂ ಒಂದು. ಮರ ಕಡಿಯಬೇಕಾದರೆ ವೃಕ್ಷ ಅಧಿಕಾರಿಯ ಅನುಮತಿ ಬೇಕು, ಕಡಿದ ಜಾಗಕ್ಕೆ ಬದಲಿ ಗಿಡ ನೆಡಬೇಕು. ನೀಲಗಿರಿ, ಸರ್ವೆಯಂಥ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಮುಂದೆ ತಿದ್ದುಪಡಿಯಾಗಿ, ಐವತ್ತಕ್ಕಿಂತ ಹೆಚ್ಚು ಮರ ಕಡಿಯುವಾಗ ಸಾರ್ವಜನಿಕರಿಗೆ ತಿಳಿಸಿ ಆಕ್ಷೇಪಣೆ ಕೇಳಬೇಕೆಂಬ ನಿಯಮವೂ ಸೇರಿತು. ಕಡಿಯುವ ಅರ್ಜಿ ಮೇಜಿಗೆ ಬಂದ ದಿನ ಮಾತ್ರ ಕಾಯ್ದೆ ನೆನಪಾಗುತ್ತದೆ. ಎಣಿಸುವ ಭಾಗ ಹಿಂದೆ ಬೀಳುತ್ತದೆ. ನೆಡುವುದಕ್ಕೆ ನಮ್ಮಲ್ಲಿ ಹಬ್ಬವಿದೆ: ಕೆ.ಎಂ. ಮುನ್ಷಿ 1950ರಲ್ಲಿ ಆರಂಭಿಸಿದ ವನಮಹೋತ್ಸವ ಪ್ರತಿ ಜುಲೈನಲ್ಲಿ ತಪ್ಪದೆ ಬರುತ್ತದೆ. ನೆಟ್ಟ ಗಿಡದ ಮೂರನೆಯ ಬೇಸಿಗೆಗೆ ಹಬ್ಬವಿಲ್ಲ, ಆ ಬೇಸಿಗೆಗೆಂದು ಅಂದಾಜು ಪತ್ರಿಕೆಯಲ್ಲಿ ಒಂದು ಸಾಲೂ ಇರುವುದಿಲ್ಲ.

ರಸ್ತೆ ತಿರುಗುವಲ್ಲಿ ಹಿರಿಯರು ನಿಂತು ಒಂದು ಬೇವಿನ ತುದಿ ತೋರಿಸಿದರು. “ಇದು ಒಣಗೇದ. ತೆಗಸ್ಬೇಕು.”

ತರುಣಿ ಕೈಗೆಟುಕಿದ ಟೊಂಗೆ ಬಗ್ಗಿಸಿ ನೋಡಿದಳು. ತುದಿಯ ಗೇಣುದ್ದದಷ್ಟು ಕಂದಾಗಿ, ಮುಟ್ಟಿದರೆ ಪುಡಿಯಾಗುವಂತಿತ್ತು. ಅದರ ಕೆಳಗೆ, ಎಲೆ ಉದುರಿದ ಗುರುತಿನ ಪಕ್ಕದಲ್ಲಿ, ಹೊಸ ಚಿಗುರು ಒಡೆದು ಎಲೆಯಾಗಿತ್ತು. ಉಗುರಿನಿಂದ ತೊಗಟೆ ಕೆರೆದಳು. ಒಳಗೆ ಹಸಿರು.

“ಜೀವ ಅದ. ಇದು ತುದಿ ಒಣಗೋ ರೋಗ. ಕಡಿಬ್ಯಾಡ್ರಿ.”

ಫೋಮಾಪ್ಸಿಸ್ ಅಜಾಡಿರಾಕ್ಟೆ ಎಂಬ ಶಿಲೀಂಧ್ರ ತರುವ ಈ ರೋಗವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 1990ರ ದಶಕದಲ್ಲಿ, ಡೆಹ್ರಾಡೂನ್ ಕಡೆ. 2021ರಲ್ಲಿ ಪಕ್ಕದ ತೆಲಂಗಾಣದಲ್ಲಿ ಬೇವುಗಳು ಸಾಲುಸಾಲಾಗಿ ಒಣಗಿದಂತೆ ಕಂಡು ಜನ ಗಾಬರಿಯಾದರು. ಮಳೆಗಾಲದ ತೇವದಲ್ಲಿ ಹರಡಿ, ಮಳೆ ಮುಗಿಯುವ ಹೊತ್ತಿಗೆ ಇದು ಜೋರಾಗಿ ಕಾಣುತ್ತದೆ. ಟೀ ಸೊಳ್ಳೆ ಎನ್ನುವ ರಸ ಹೀರುವ ತಿಗಣೆ ಸೇರಿಕೊಂಡರೆ ಹಾನಿ ಇನ್ನಷ್ಟು. ಬಲಿತ ಮರಗಳು ಬಹುಪಾಲು ಸಾಯುವುದಿಲ್ಲ, ಬೇಸಿಗೆ ಹತ್ತಿರವಾದಂತೆ ಮತ್ತೆ ಚಿಗುರುತ್ತವೆ. ಒಣಗಿದ ತುದಿ ಕತ್ತರಿಸಿ ಸುಡುವುದು, ಎಳೆಯ ಗಿಡಕ್ಕೆ ಶಿಲೀಂಧ್ರನಾಶಕ ಕೊಡುವುದು, ಬುಡಕ್ಕೆ ನೀರು–ಗೊಬ್ಬರ ನೋಡಿಕೊಳ್ಳುವುದು ತಜ್ಞರ ಸಲಹೆ. ದೀಪಾವಳಿಗೆ ಸತ್ತಂತೆ ಕಂಡ ಬೇವನ್ನು ಯುಗಾದಿ ತನಕ ಕಾಯದೆ ಕಡಿಯುವುದು ಅನ್ಯಾಯ. ಬೇವು–ಬೆಲ್ಲಕ್ಕೆ ಹೂ ಕೊಡುವ ಸಮಯಕ್ಕೆ ಅದು ತಾನು ಬದುಕಿರುವುದನ್ನು ತಾನೇ ತೋರಿಸುತ್ತದೆ.

“ಆದ್ರೂ ಒಂದು ಮಾತು ಕೇಳ್ರಿ,” ತರುಣಿ ಬಿಡಲಿಲ್ಲ. “ಇಡೀ ಓಣಿಗೆ ಒಂದೇ ಬೇವು ಯಾಕ? ಒಂದು ರೋಗ ಬಂದ್ರ ಓಣಿ ಪೂರಾ ಬೋಳು.”

“ನಮ್ಮ ಬಿಸಲಿಗೆ ಮತ್ಯಾವುದು ತಡೀತದ?”

“ಹೊಂಗಿ ತಡೀತದ. ಹುಣಸಿ, ಅರಳಿ, ಬಸರಿ, ಅತ್ತಿ, ನೇರಳಿ, ಕಮರ, ಬಿಲ್ಪತ್ರಿ. ಎಷ್ಟ್ ಹೇಳ್ಲಿ? ಇವು ನೂರಾರು ವರ್ಷದಿಂದ ಇದೇ ನೆಲದಾಗ ಬೆಳದಾವ.”

ಅಮೆರಿಕದ ಸಸ್ಯವಿಜ್ಞಾನಿ ಫ್ರಾಂಕ್ ಸ್ಯಾಂಟಮೋರ್ 1990ರಲ್ಲಿ ಊರ ಮರಗಳಿಗೊಂದು ಸರಳ ಅಳತೆ ಸೂಚಿಸಿದ್ದರು. ಒಂದೇ ಪ್ರಭೇದದ ಮರ ಶೇ. 10 ಮೀರಬಾರದು, ಒಂದೇ ಕುಲದವು ಶೇ. 20, ಒಂದೇ ಕುಟುಂಬದವು ಶೇ. 30 ಮೀರಬಾರದು. ಸಗರನಾಡಿನ ಯಾವ ಬಡಾವಣೆಯಲ್ಲೂ ಬೇವನ್ನು ಆ ಮಿತಿಗೆ ಇಳಿಸಬೇಕಾಗಿಲ್ಲ, ಅದು ಈ ನೆಲದ ಗಿಡ. ಆದರೆ ಹೊಸದಾಗಿ ನೆಡುವ ಪ್ರತಿ ಗಿಡಕ್ಕೂ ಈ ಅಳತೆ ಹಿಡಿದರೆ ಮುಂದಿನ ತಲೆಮಾರಿಗೆ ಒಂದೇ ರೋಗಕ್ಕೆ ಓಣಿ ಕಳೆದುಕೊಳ್ಳುವ ಭಯ ಇರುವುದಿಲ್ಲ.

ಬೆಂಗಳೂರಿನಲ್ಲಿ ಇಂಥದ್ದೊಂದು ನಡೆದಿದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳುತನದಲ್ಲಿ ಅಲ್ಲಿ ಸುಮಾರು 15 ಲಕ್ಷ ಗಿಡಗಳು ನೆಲ ಕಂಡವು. ಅವರು ಹಲವು ಜಾತಿಗಳನ್ನು ಬೆರೆಸಿದರು. ದನದ ಬಾಯಿಗೆ ಸುಲಭಕ್ಕೆ ಸಿಗದಂತೆ ಎತ್ತರಕ್ಕೆ ಬೆಳೆಸಿದ ಸಸಿಗಳನ್ನು ನರ್ಸರಿಯಿಂದ ತಂದರು. ಮನೆಯವರನ್ನೇ ಗಿಡದ ಪಾಲಕರನ್ನಾಗಿ ಮಾಡಿದರು. ತಮಗೆ ಗಿಡ ಬೇಕೆಂದು ಕೇಳಿದವರ ಬಾಗಿಲಲ್ಲಿ ಗಿಡ ಬದುಕುತ್ತದೆ ಎಂಬ ಅವರ ಎಣಿಕೆ ಸರಿಯಾಗಿತ್ತು. ಕೊರೊನಾದ ಎರಡನೆಯ ಅಲೆಯಲ್ಲಿ, 2021ರಲ್ಲಿ, ಅವರು ತೀರಿಕೊಂಡರು. ಅವರು ನೆಡಿಸಿದ ಮರಗಳ ಕೆಳಗೆ ಓಡಾಡುವ ಬಹಳ ಮಂದಿಗೆ ಅವರ ಹೆಸರು ಗೊತ್ತಿಲ್ಲ, ಗೊತ್ತಿರಬೇಕಿತ್ತು.

ಅಷ್ಟರಲ್ಲಿ ಮೂರನೆಯವನೊಬ್ಬ ಸೈಕಲ್ ನಿಲ್ಲಿಸಿ ಮಾತಿಗೆ ಸೇರಿದ. ವಿದ್ಯುತ್ ಲೈನಿನ ಕೆಲಸ ಅವನದು.

“ನೀವು ಹಚ್ಚತೀರಿ, ನಾವು ಕಡೀತೀವಿ. ಬೈಸಿಕೊಳ್ಳೋರೂ ನಾವೇ. ಮುಂಗಾರಿಗೆ ಮೊದ್ಲು ಬಿರುಗಾಳಿ ಎದ್ದು ಟೊಂಗಿ ವಾಯರಿಗೆ ಬಡದ್ರ ಇಡೀ ಕ್ಯಾಂಪಿಗೆ ಕತ್ತಲ. ಆವಾಗ ಮಾತ್ರ ಗಿಡ ಯಾರಿಗೂ ಬ್ಯಾಡ.”

“ಕಡೀಬ್ಯಾಡ ಅಂದಿಲ್ಲಣ್ಣ, ಹೆಂಗ ಕಡೀತಿ ಅಂತ ಕೇಳ್ತೀನಿ,” ಎಂದಳು ತರುಣಿ.

“ವಾಯರಿನ ಕೆಳಗ ಎಷ್ಟ್ ಬರ್ತದ ಅಷ್ಟು, ಸಪಾಟ.”

ಅವಳು ಅವನನ್ನು ಒಂದು ಪೆಲ್ಟೋಫೋರಂ ಮರದ ಕೆಳಗೆ ಕರೆದೊಯ್ದಳು. ಹಿಂದೊಮ್ಮೆ ತಲೆ ಸವರಿದ ಜಾಗದಲ್ಲಿ ಪೊರಕೆಯಂತೆ ಒತ್ತೊತ್ತಾಗಿ ನೆಟ್ಟಗೆ ಚಿಗುರುಗಳು ಎದ್ದಿದ್ದವು. ಕೆಲವು ತೋಳಿನಷ್ಟು ದಪ್ಪವಾಗಿದ್ದವು. ಅವೆಲ್ಲ ತೊಗಟೆಯಡಿಯ ಮೊಗ್ಗಿನಿಂದ ಹುಟ್ಟಿದವು. ಬೊಡ್ಡೆಯ ಒಳಗಿನ ಕಟ್ಟಿಗೆಯ ಜೊತೆ ಹುಟ್ಟಿನಿಂದ ಬೆಸೆದುಕೊಂಡ ಟೊಂಗೆಯ ಹಿಡಿತ ಇವಕ್ಕಿಲ್ಲ. ಕೊಯ್ದ ಮೇಲ್ಮೈಯಿಂದ ಕೊಳೆ ಒಳಗಿಳಿದಿತ್ತು. ಗಾಳಿಗೆ ಮೊದಲು ಮುರಿದು ಬೀಳುವುದು ಇವೇ.

“ನೋಡು, ತಲಿ ಕಡದು ನೀ ಕೆಲಸ ಕಮ್ಮಿ ಮಾಡಿಕೊಂಡಿಲ್ಲ. ಮೊದ್ಲು ಒಂದು ಟೊಂಗಿ ಇತ್ತು, ಈಗ ಹತ್ತು ಆಗ್ಯಾವ. ಎರಡು ವರ್ಷಕ್ಕ ಮತ್ತ ವಾಯರಿಗೆ ಬರ್ತಾವ, ಅದೂ ಮೊದಲಿಗಿಂತ ಸಡಲಾಗಿ.”

ಟೊಂಗೆ ತೆಗೆಯುವ ಸರಿಯಾದ ಕ್ರಮವನ್ನು ಅವಳು ಅಲ್ಲೇ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. ಟೊಂಗೆ ಕಾಂಡ ಸೇರುವಲ್ಲಿ ತೊಗಟೆ ಉಬ್ಬಿ ಕೊರಳಪಟ್ಟಿಯಂತೆ ಇರುತ್ತದೆ, ಅದನ್ನು ಗಾಯ ಮಾಡಬಾರದು. ಮೊದಲು ಕಾಂಡದಿಂದ ಒಂದು ಮೊಳ ಆಚೆ, ಕೆಳಗಿನಿಂದ ಅರ್ಧಂಬರ್ಧ ಗರಗಸ ಹಾಕಬೇಕು. ಆಮೇಲೆ ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ತಿ ಕೊಯ್ಯಬೇಕು, ಆಗ ಭಾರದ ಟೊಂಗೆ ತೊಗಟೆ ಸೀಳದೆ ಕೆಳಗೆ ಬೀಳುತ್ತದೆ. ಉಳಿದ ಮೋಟನ್ನು ಉಬ್ಬಿನ ಹೊರ ಅಂಚಿಗೆ ಮೂರನೆಯ ಕೊಯ್ತದಲ್ಲಿ ತೆಗೆಯಬೇಕು. ಸುಣ್ಣ, ಡಾಂಬರು ಬಳಿಯುವ ಅಗತ್ಯವಿಲ್ಲ. ಅಮೆರಿಕದ ಅರಣ್ಯ ಸೇವೆಯ ಅಲೆಕ್ಸ್ ಶೈಗೋ 1970ರ ದಶಕದಲ್ಲಿ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟದ್ದೇ ಇದನ್ನು: ಮರದ ಗಾಯ ನಮ್ಮ ಚರ್ಮದಂತೆ ಮಾಯುವುದಿಲ್ಲ, ಕೊಳೆತ ಭಾಗದ ಸುತ್ತ ಮರ ತನ್ನೊಳಗೇ ಗೋಡೆ ಕಟ್ಟಿಕೊಂಡು ಮುಂದೆ ಬೆಳೆಯುತ್ತದೆ. ಆ ಗೋಡೆ ಕಟ್ಟುವ ಶಕ್ತಿ ಇರುವುದು ಉಬ್ಬಿನಲ್ಲಿ.

ಲೈನಿನವನು ಉಬ್ಬನ್ನು ಕೈಯಿಂದ ಸವರಿ ನೋಡಿದ. “ಇದು ನಮಗ ಯಾರೂ ಹೇಳಿಲ್ರಿ. ಕೊಡ್ಲಿ ಕೊಟ್ಟು ಮ್ಯಾಲ ಏರ್ಸತಾರ. ಗರಗಸ ಯಾರು ಕೊಡ್ತಾರ?”

ಅವನ ಪ್ರಶ್ನೆಯಲ್ಲಿ ಇಡೀ ವಿಷಯದ ತಿರುಳಿದೆ. ನೆಡುವವನು ಒಬ್ಬ, ನೀರು ಹಾಕುವವನು ಇನ್ನೊಬ್ಬ, ಕೊಯ್ಯುವವನು ಮತ್ತೊಬ್ಬ, ಅನುಮತಿ ಕೊಡುವವರು ಬೇರೆ. ಕ್ಯಾಂಪಿನ ರಸ್ತೆಯ ಒಂದೇ ಮರದ ಬೇರು ಒಂದು ಸಂಸ್ಥೆಯ ಜಾಗದಲ್ಲಿ, ಬೊಡ್ಡೆ ಇನ್ನೊಂದರ ಚರಂಡಿ ಪಕ್ಕದಲ್ಲಿ, ತಲೆ ಮೂರನೆಯದರ ತಂತಿಯ ಕೆಳಗೆ ಇರಬಹುದು. ಯೋಜನೆಯ ಕೆಲಸ ಜೋರಾಗಿದ್ದಾಗ ಇಂಥ ವಸತಿಗಳಲ್ಲಿ ಮಾಲಿಗಳಿರುತ್ತಾರೆ, ಟ್ಯಾಂಕರ್ ಇರುತ್ತದೆ. ಕಟ್ಟುವ ಕೆಲಸ ಮುಗಿದು ಸಿಬ್ಬಂದಿ ಕರಗಿದಂತೆ ಮೊದಲು ಹೋಗುವುದು ಮಾಲಿಯ ಹುದ್ದೆ. ನಿವೃತ್ತ ಮಾಲಿಯ ಜಾಗಕ್ಕೆ ಯಾರೂ ಬರದಿದ್ದರೆ, ಅವನ ತಲೆಯಲ್ಲಿದ್ದ ಗಿಡಗಳ ಲೆಕ್ಕವೂ ಅವನ ಜೊತೆಗೇ ಮನೆಗೆ ಹೋಗುತ್ತದೆ.

“ನೀರಿಂದು ಹೇಳ್ರಿ,” ಎಂದು ತರುಣಿ ಹಿರಿಯರ ಕಡೆ ತಿರುಗಿದಳು. “ಬ್ಯಾಸಿಗ್ಯಾಗ ಕಾಲುವಿ ಬಂದ್ ಇರ್ತದ. ಆವಾಗ ಏನ್ ಮಾಡ್ತಿದ್ರಿ?”

“ಚಾಲೂ–ಬಂದ್ ಇದ್ದಾಗ ರೈತರಿಗೇ ಪಾಳಿ ಮ್ಯಾಲ ನೀರು, ವಾರಾಬಂದಿ; ಗಿಡಕ್ಕೆಲ್ಲಿಂದ? ಬೋರಿನ ನೀರು ಹಾಕ್ತಿದ್ವಿ. ದಿನಾ ಒಂದೊಂದು ಕೊಡ.”

“ದಿನಾ ಒಂದೊಂದು ಕೊಡ ಹಾಕಿದ್ರ ಬೇರು ಮ್ಯಾಲೇ ಉಳೀತದ. ಗಿಡಕ್ಕೂ ವಾರಾಬಂದಿನೇ ಬೇಕು. ಎಂಟು ದಿನಕ್ಕೊಮ್ಮೆ ಹಾಕ್ರಿ, ಪಾತಿ ತುಂಬ ಹಾಕ್ರಿ, ಆಳಕ್ಕಿಳೀಲಿ. ಪಾತಿ ಬೊಡ್ಡಿಗೆ ಅಂಟಿಕೊಂಡು ಇರಬಾರ್ದು, ಟೊಂಗಿ ಎಲ್ಲಿ ತನಕ ಚಾಚಿರ್ತಾವ ಅಲ್ಲಿ ತನಕ ಅಗಲ ಆಗ್ಬೇಕು. ಮ್ಯಾಲ ಉದುರಿದ ಎಲಿ ಮುಚ್ಚಿಗಿ. ಕಸ ಅಂತ ಸುಡಬ್ಯಾಡ್ರಿ.”

ಈ ನೆಲದ ಇನ್ನೊಂದು ತೊಡಕು ಎರೆ ಮಣ್ಣು. ಒಣಗಿದಾಗ ಬಿರಿದು ಎಳೆ ಬೇರನ್ನು ಹರಿಯುತ್ತದೆ, ನೆನೆದಾಗ ಉಸಿರಾಡಲು ಬಿಡುವುದಿಲ್ಲ. ಗುಂಡಿಗೆ ಗರಸು ಮಣ್ಣು ಮತ್ತು ಗೊಬ್ಬರ ಬೆರೆಸುವುದು, ನೀರು ನಿಲ್ಲದಂತೆ ನೋಡುವುದು ಅದಕ್ಕೇ. ಕಾಲುವೆ ಬಂದ ಮೇಲೆ ತಗ್ಗಿನ ಜಾಗಗಳಲ್ಲಿ ಸವಳು–ಜವಳು ಸೇರಿಕೊಂಡಿತು. ಭತ್ತದ ಗದ್ದೆಯ ಅಂಚಿನ ಇಂಥ ಕಡೆ ಬೇವಿಗಿಂತ ಹೊಂಗೆ, ಕರಿಜಾಲಿ ಮೇಲು. ಅವು ಉಪ್ಪನ್ನೂ ತೇವವನ್ನೂ ತಾಳುತ್ತವೆ.

ಮಾತು ಬಳ್ಳಾರಿ ಜಾಲಿಗೆ ಬಂದಾಗ ಮೂವರಲ್ಲೂ ಒಮ್ಮತ. ಮಧ್ಯ–ದಕ್ಷಿಣ ಅಮೆರಿಕದಿಂದ ಬಂದ ಈ ಮುಳ್ಳುಗಂಟಿ ಖಾಲಿ ಜಾಗವನ್ನೆಲ್ಲ ನುಂಗುತ್ತದೆ, ಬುಡಸಮೇತ ಕೀಳದಿದ್ದರೆ ಮತ್ತೆ ಏಳುತ್ತದೆ. ಗುಲ್‌ಮೊಹರ್ ವಿಷಯದಲ್ಲಿ ಮಾತ್ರ ಜಗಳ. ಮೇ ತಿಂಗಳ ಕೆಂಪನ್ನು ಬಿಟ್ಟುಕೊಡಲು ಹಿರಿಯರು ತಯಾರಿರಲಿಲ್ಲ. ಮಡಗಾಸ್ಕರ್ ಮೂಲದ ಆ ಮರದ ಬೇರು ಮೇಲುಮೇಲೆ ಹರಡುತ್ತದೆ, ಕಟ್ಟಿಗೆ ಪೆಡಸು, ಗಾಳಿಗೆ ಉರುಳುತ್ತದೆ ಎಂದು ತರುಣಿ ವಾದಿಸಿದಳು. ರಸ್ತೆಗೆ ಬೇಡ, ಮೈದಾನದ ಮೂಲೆಗೆ ಇರಲಿ ಎಂದು ಲೈನಿನವನು ತೀರ್ಪು ಕೊಟ್ಟ. ಬೇಗ ಹಸಿರಾಗುತ್ತದೆಂದು ಈಚೆಗೆ ಎಲ್ಲೆಡೆ ತಂದು ಹಾಕುತ್ತಿರುವ ಕಾನೋಕಾರ್ಪಸ್ ಗಿಡವನ್ನಂತೂ 2023ರಲ್ಲಿ ಗುಜರಾತ್ ಸರ್ಕಾರ ನೆಡದಂತೆ ನಿಷೇಧಿಸಿದೆ. ಅದನ್ನು ಇಲ್ಲಿ ಹೊಸದಾಗಿ ತರುವ ಮಾತೇ ಬೇಡ.

ಉದ್ಯಾನದ ಬಗ್ಗೆ ಹಿರಿಯರಿಗೆ ಬೇರೆ ಆಸೆಯಿತ್ತು. “ಒಂದು ಛಲೋ ಲಾನ್, ಸುತ್ತ ಪೇವರ್ಸ್, ಕಾರಂಜಿ. ಆಲಮಟ್ಟಿಯಾಗ ಎಷ್ಟ್ ಚಂದ ಮಾಡ್ಯಾರ ನೋಡಿ!”

“ಆಲಮಟ್ಟಿಗೆ ಜನ ನೋಡ್ಲಿಕ್ಕೆ ಬರ್ತಾರ, ಇಲ್ಲಿ ಜನ ಇರ್ತಾರ. ಲಾನ್ ಬ್ಯಾಸಿಗ್ಯಾಗ ದಿನಾ ನೀರು ಕುಡೀತದ, ನೆಳ್ಳು ಕೊಡಂಗಿಲ್ಲ. ಅದೇ ನೀರಿನ್ಯಾಗ ಒಂದು ಅರಳಿ, ಎರಡು ಹುಣಸಿ ಬದುಕ್ತಾವ. ಕೆಳಗ ಮಣ್ಣು ಹಂಗೇ ಇರ್ಲಿ, ಹುಡುಗ್ರು ಆಡ್ಲಿ.”

ಪೇವರ್ಸ್ ಮಾತು ಬಂದದ್ದರಿಂದ ಅವಳು ಪಕ್ಕದ ಕಟ್ಟೆ ತೋರಿಸಿದಳು. ಬೇವಿನ ಬೊಡ್ಡೆಯ ಸುತ್ತ ಸಿಮೆಂಟು ಬಿಗಿದು, ತೊಗಟೆ ಅದರ ಮೇಲೆ ಮಡಿಚಿಕೊಂಡು ಉಬ್ಬಿತ್ತು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಪ್ರಕರಣವೊಂದರಲ್ಲಿ, ಮರದ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಬೇಕೆಂದು ಆದೇಶಿಸಿತು. ಒಂದು ಸುತ್ತಿಗೆ, ಒಂದು ಉಳಿ, ಅರ್ಧ ದಿನದ ಕೂಲಿ ಸಾಕು. ಇಷ್ಟು ಕಡಿಮೆ ಖರ್ಚಿನಲ್ಲಿ ಒಂದು ಮರದ ಆಯಸ್ಸು ಹೆಚ್ಚಿಸುವ ಕೆಲಸ ಬೇರೊಂದಿಲ್ಲ.

ನೆರಳು ಮತ್ತು ನೀರನ್ನು ಒಟ್ಟಿಗೆ ಎಣಿಸುವ ಪದ್ಧತಿ ಇಲ್ಲಿಗೆ ಹೊಸದಲ್ಲ. ದಾರಿಗಳಲ್ಲಿ ಬಾವಿ ತೋಡಿಸಿ, ಮರ ನೆಡಿಸಿದ್ದನ್ನು ಅಶೋಕ ತನ್ನ ಎರಡನೆಯ ಬಂಡೆಗಲ್ಲು ಶಾಸನದಲ್ಲಿ ಒಟ್ಟೊಟ್ಟಿಗೆ ಹೇಳುತ್ತಾನೆ, ದನಕರುಗಳಿಗೂ ಮನುಷ್ಯರಿಗೂ ಎಂದು. ಸಗರನಾಡಿಗೆ ಹತ್ತಿರದ, ಭೀಮಾ ದಂಡೆಯ ಸನ್ನತಿಯಲ್ಲೂ ಅವನ ಶಾಸನಗಳು ಸಿಕ್ಕಿವೆ. ಈ ನಿರ್ದಿಷ್ಟ ಶಾಸನ ಅಲ್ಲಿಲ್ಲ, ಆದರೂ ಆ ಆಡಳಿತದ ದಾರಿ ಇತ್ತ ಕಡೆಯೂ ಹಾದಿತ್ತು. ಇಂದಿನವರಲ್ಲಿ ನಗರ ಅರಣ್ಯ ತಜ್ಞ ಸಿಸಿಲ್ ಕೊನೈನೆಂಡೈಕ್ 2021ರಲ್ಲಿ ಮುಂದಿಟ್ಟ 3–30–300 ಸೂತ್ರ ಇಂಥ ಕ್ಯಾಂಪಿಗೆ ಹೊಂದುತ್ತದೆ: ಪ್ರತಿ ಮನೆಯಿಂದ ಮೂರು ಮರ ಕಾಣಬೇಕು, ಪ್ರತಿ ಬಡಾವಣೆಯ ಶೇ. 30 ಭಾಗ ಮರದ ನೆರಳಲ್ಲಿರಬೇಕು, 300 ಮೀಟರಿನೊಳಗೆ ಹಸಿರು ತಾಣ ಸಿಗಬೇಕು. ಬೇಸಿಗೆ 40 ಡಿಗ್ರಿ ದಾಟುವ ಯಾದಗಿರಿ ಜಿಲ್ಲೆಯಲ್ಲಿ ಇದು ಶೋಕಿಯ ಮಾತಲ್ಲ. ಮಧ್ಯಾಹ್ನ ಶಾಲೆಯಿಂದ ಬರುವ ಮಗು, ತಳ್ಳುಗಾಡಿಯವನು, ಬಸ್ಸಿಗೆ ಕಾಯುವ ಮುದುಕಿ ಯಾವ ದಾರಿಯಲ್ಲಿ ನಡೆಯುತ್ತಾರೋ ಅಲ್ಲಿ ನೆರಳು ಬೇಕು. ಹೊಸ ಲೇಔಟಿನ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಚೌಕದಲ್ಲಿ ಮಾತ್ರ ಇದ್ದರೆ ಸಾಲದು.

“ಆಯ್ತವ್ವ, ಎಣಿಸೂಣು,” ಎಂದರು ಹಿರಿಯರು ಕೊನೆಗೆ. “ಎಲ್ಲಿಂದ?”

“ಈ ಓಣಿಯಿಂದ. ನಂಬರ್, ಜಾತಿ, ಎದಿಮಟ್ಟ ಸುತ್ತಳತಿ, ವಾಯರ್ ಅದ ಇಲ್ಲ, ಸಿಮೆಂಟ್ ಅದ ಇಲ್ಲ. ಐದೇ ಕಾಲಂ. ಕೃಷಿ ಕಾಲೇಜಿನ ಹುಡುಗ್ರನ್ನ ಕೇಳ್ತೀನಿ, ಅವರಿಗೂ ಇದು ಪಾಠನೇ.”

ಲೈನಿನವನು ತನ್ನ ಲೆಕ್ಕ ಹಾಕಿದ. ತಿಂಗಳಿಗೊಮ್ಮೆ ದುರಸ್ತಿಗೆಂದು ಕರೆಂಟು ತೆಗೆಯುವ ದಿನ ಇರುತ್ತದೆ. ಮೊದಲೇ ಯಾರಾದರೂ ಸುಣ್ಣದಲ್ಲಿ ಟೊಂಗೆಗೆ ಗುರುತು ಹಾಕಿಟ್ಟರೆ ಅಷ್ಟನ್ನೇ ಕೊಯ್ಯುತ್ತೇನೆ, ತಲೆ ಮುಟ್ಟುವುದಿಲ್ಲ ಎಂದ. ಗರಗಸದ ಮಾತು ಮತ್ತೆ ಎತ್ತಿದ. ಹಿರಿಯರು ತಮ್ಮ ಹಳೆಯ ಪರಿಚಯದವರಲ್ಲಿ ಎರಡು ಕೇಳಿ ನೋಡುವುದಾಗಿ ಒಪ್ಪಿದರು.

“ಅರ್ಜಿ ಯಾರ ಹೆಸರಿಂದ ಬರೀಬೇಕು?” ಎಂದು ತರುಣಿ ಕೇಳಿದಳು. “ನಿವಾಸಿಗಳ ಹೆಸರಿಂದ ಬರದ್ರ ಎಲ್ಲಾ ಕಚೇರಿಗೂ ಒಂದೇ ಅರ್ಜಿ ಸಾಕಾಗ್ತದ.”

“ನಿವಾಸಿಗಳ ಹೆಸರಿಂದ ಬರಿ. ಆದ್ರ ಗುಲ್‌ಮೊಹರ್ ತೆಗಿರಿ ಅಂತ ಅದರಾಗ ಬರೀಬ್ಯಾಡ, ನಾ ಸಹಿ ಹಾಕಂಗಿಲ್ಲ.”

“ರಸ್ತಿದು ಎರಡು ಮಾತ್ರ. ಅವುಗಳ ಬೊಡ್ಡಿ ಟೊಳ್ಳಾಗ್ಯಾವ, ಶಾಲಿ ಗೇಟಿನ ಮುಂದ ಅದಾವ. ಬಡದು ನೋಡ್ರಿ, ಸಪ್ಪಳದಾಗೇ ಗೊತ್ತಾಗ್ತದ.”

ಹಿರಿಯರು ಬಡಿದು ನೋಡಲು ಶಾಲೆಯ ಕಡೆ ಹೊರಟರು. ಉಳಿದಿಬ್ಬರೂ ಹಿಂದೆ ಹೋದರು.